ಒಂದು ರಾತ್ರಿಗೆ ಐದೂವರೆ ಲಕ್ಷ

2024ರ ಜುಲೈ 23ರ ಬಜೆಟ್ಟಿನಲ್ಲಿ ಮೊಬೈಲ್ ಫೋನಿನ ಮೂಲ ಆಮದು ಸುಂಕ ಶೇ 20ರಿಂದ 15ಕ್ಕೆ ಇಳಿಯಿತು. ಜಾರಿಗೆ ಬಂದದ್ದು ಮರುದಿನವೇ.

ಬಂದರಿಗೆ ತಲಾ 10,000 ರೂಪಾಯಿಯ ಸಾವಿರ ಫೋನು ಬಂದಿವೆ ಎನ್ನೋಣ. ಸರಕಿನ ಬೆಲೆ ಒಂದು ಕೋಟಿ. 23ರಂದು ಬಿಡಿಸಿಕೊಂಡ ಆಮದುದಾರ ಸುಂಕ ಮತ್ತು ಅದರ ಮೇಲಿನ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 22 ಲಕ್ಷ ಕಟ್ಟಿದ. 24ರಂದು ಬಿಡಿಸಿಕೊಂಡವ ಕಟ್ಟಿದ್ದು ಹದಿನಾರೂವರೆ ಲಕ್ಷ. ನಡುವೆ ಇದ್ದದ್ದು ಒಂದೇ ರಾತ್ರಿ. ಕಟ್ಟಿದ ಜಿಎಸ್‌ಟಿಯನ್ನು ವ್ಯಾಪಾರಿ ಮುಂದಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು; ಆಮದು ಸುಂಕಕ್ಕೆ ಆ ಸೌಲಭ್ಯವಿಲ್ಲ. ಹೆಚ್ಚಿಗೆ ಕಟ್ಟಿದ ಐದೂವರೆ ಲಕ್ಷವನ್ನು 23ರಂದು ಬಿಡಿಸಿಕೊಂಡವ ಬೆಲೆಯಲ್ಲಿ ಎತ್ತಬೇಕು, ಇಲ್ಲವೇ ನಷ್ಟ ಹೊರಬೇಕು.

ಈಗ ಅದೇ ಫೋನು ಬೀದರಿನ ಅಂಗಡಿಗೆ ಬರಲಿ. ಹಳೆಯ ದರದಲ್ಲಿ 10,000ಕ್ಕೆ 2,200 ಸೇರಿ 12,200. ಸುಂಕವೂ ಕೂಡಿದ ಈ ಮೊತ್ತದ ಮೇಲೆ ಶೇ 18ರ ಜಿಎಸ್‌ಟಿ. ಸಾಗಣೆ, ಲಾಭ ಯಾವುದೂ ಸೇರುವ ಮೊದಲೇ 14,396 ರೂಪಾಯಿ! ಹೊಸ ದರದಲ್ಲಿ ಅದು 13,747. ಪಕ್ಕದ ಅಷ್ಟೂರಿನ ಕೂಲಿಕಾರ್ಮಿಕನಿಗೆ 649 ರೂಪಾಯಿ ಸಣ್ಣ ಮೊತ್ತವಲ್ಲ.

ಸುಂಕ ಏರುವಾಗಲೂ ಇದೇ ವೇಗ. 2017ರ ಜುಲೈಗೆ ಮೊದಲು ಫೋನಿನ ಮೂಲ ಸುಂಕ ಸೊನ್ನೆ. ಜುಲೈನಲ್ಲಿ ಶೇ 10, ಡಿಸೆಂಬರಿನಲ್ಲಿ 15, 2018ರ ಫೆಬ್ರವರಿಯಲ್ಲಿ 20. ಸುಮಾರು ಏಳೇ ತಿಂಗಳು.

ಈ ಸುಂಕದ ಗೋಡೆಯ ಒಳಗೆ ಬೆಳೆದದ್ದನ್ನು ನೋಡಿದರೆ ಬೆರಗಾಗುತ್ತದೆ. ಸರಕಾರದ ಲೆಕ್ಕದಂತೆ 2014-15ರಲ್ಲಿ ದೇಶದಲ್ಲಿ ತಯಾರಾದ ಫೋನು 5.8 ಕೋಟಿ; 2023-24ರಲ್ಲಿ 33 ಕೋಟಿ. ಅಂದರೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು, ದಿನಕ್ಕೆ ಒಂಬತ್ತು ಲಕ್ಷ. 2011ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಜನ 17 ಲಕ್ಷ. ಭಾಲ್ಕಿ, ಔರಾದ ಸೇರಿ ಇಡೀ ಜಿಲ್ಲೆಯಲ್ಲಿ ತೊಟ್ಟಿಲ ಮಗುವಿನಿಂದ ಅಜ್ಜಿಯವರೆಗೆ ಒಬ್ಬೊಬ್ಬರಿಗೂ ಒಂದೊಂದು ಫೋನು ಕೊಡಲು ಎರಡು ದಿನದ ತಯಾರಿಕೆ ಸಾಕು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕೆಲಸವೂ ಇದರ ಒಂದು ಪಾಲು.

ಜೋಡಣೆ ಇಲ್ಲಾದರೂ ಒಳಗಿನ ಎಷ್ಟೋ ಬಿಡಿಭಾಗ ಹೊರದೇಶದವು. ಹಾಗಾಗಿ ಇಂದು ಇಡೀ ಫೋನಿನ ಸುಂಕಕ್ಕಿಂತ ಬಿಡಿಭಾಗದ ಸುಂಕವೇ ಹೆಚ್ಚು ಜನರನ್ನು ಮುಟ್ಟುತ್ತದೆ. 2024ರ ಜನವರಿಯಲ್ಲಿ ಹಲವು ಭಾಗಗಳ ಸುಂಕ ಶೇ 15ರಿಂದ 10ಕ್ಕೆ ಇಳಿಯಿತು. ಒಂದು ಫೋನಿನಲ್ಲಿ ಅಂಥ ಭಾಗ 2,000 ರೂಪಾಯಿಯಷ್ಟೇ ಎಂದು ಹಿಡಿದರೂ ಮೂಲ ಸುಂಕದ ಉಳಿತಾಯ 100 ರೂಪಾಯಿ. ಅದನ್ನು 33 ಕೋಟಿಯಿಂದ ಗುಣಿಸಿದರೆ 3,300 ಕೋಟಿ!

ಇಷ್ಟು ದೊಡ್ಡ ಮೊತ್ತ ಕೊಳ್ಳುವವನ ಕಣ್ಣಿಗೇ ಬೀಳುವುದಿಲ್ಲ. ಅಂಗಡಿಯ ಬಿಲ್ಲಿನಲ್ಲಿ ಜಿಎಸ್‌ಟಿಗೆ ಒಂದು ಸಾಲು ಇದೆ, ಆಮದು ಸುಂಕಕ್ಕೆ ಇಲ್ಲ. ದರ ಏರಿದರೆ ಬೆಲೆ ಏರಿದ್ದು ಗೊತ್ತಾಗುತ್ತದೆ. ಇಳಿದರೆ ಆ ಇಳಿಕೆ ಯಾರ ಕೈಯಲ್ಲಿ ಉಳಿಯಿತೆಂದು ಕೇಳಲು ಆಧಾರವೇ ಇಲ್ಲ. ಆಮದಾದ ಫೋನಿನ ಬಿಲ್ಲಿನಲ್ಲಿ ಕಟ್ಟಿದ ಸುಂಕವನ್ನೂ ಅಚ್ಚು ಹಾಕಲಿ. ಆಗ ಔರಾದದ ಗಿರಾಕಿಯೂ ತನಗೆ ಬರಬೇಕಾದ 649 ರೂಪಾಯಿಯನ್ನು ಲೆಕ್ಕ ಹಿಡಿದು ಕೇಳಬಲ್ಲ.