ನೂರು ಗ್ರಾಂ ಎಳೆತಕ್ಕೆ ದಾರಿ ಬಿಡುವ ಎಲುಬು

ಅಂಗೈ ಮೇಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರಾದ ಒಂದು ರಬ್ಬರ್ ಉಂಗುರ. ಒಳ ಅಗಲ ಕಾಲಿಂಚು, ಆರು ಮಿಲಿಮೀಟರಿಗಿಂತ ಚೂರು ಜಾಸ್ತಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗಿಯೊಬ್ಬಳು ಕನ್ನಡಿಯ ಮುಂದೆ ನಿಂತು ಅದನ್ನು ಮೇಲಿನ ಕೋರೆಹಲ್ಲಿನ ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆಳೆದು ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ತೊಡಿಸುತ್ತಾಳೆ. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಅವಳು ಲೆಕ್ಕ ಬಿಡಿಸಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸಲಿ, ರಾತ್ರಿಯಿಡೀ ಮಲಗಿರಲಿ, ಉಂಗುರ ಎಳೆಯುತ್ತಲೇ ಇರುತ್ತದೆ. ಎಲುಬಿನಲ್ಲಿ ಬೇರೂರಿದ ಅವಳ ಹಲ್ಲುಗಳು ಆ ಎಲುಬಿನೊಳಗೇ ದಾರಿ ಮಾಡಿಕೊಂಡು ನಡೆಯತೊಡಗುತ್ತವೆ! ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಇಂಥ ಉಂಗುರವನ್ನು ಅದರ ಅಗಲದ ಮೂರು ಪಟ್ಟು ಎಳೆದಾಗ ಅದು ಎಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ ಎಂಬುದನ್ನು ಪೊಟ್ಟಣದ ಮೇಲೆ ಔನ್ಸಿನಲ್ಲಿ ಅಚ್ಚು ಹಾಕಿರುತ್ತಾರೆ. ಮೂರೂವರೆ ಔನ್ಸ್ ಅಂದರೆ ಸುಮಾರು 100 ಗ್ರಾಂ. ಅಷ್ಟನ್ನೂ ಹಲ್ಲುಗಳು ಹಂಚಿಕೊಳ್ಳುತ್ತವೆ, ಒಂದೊಂದರ ಪಾಲಿಗೆ ಬರುವುದು ಇನ್ನೂ ಅಲ್ಪ. ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಮೆತ್ತನೆಯ ಅನ್ನ ಅಗಿಯುವಾಗಲೇ ಹಲ್ಲಿನ ಮೇಲೆ ಒಂದೆರಡು ಕಿಲೋ ಬಲ ಬೀಳುತ್ತದೆ. ಗಟ್ಟಿ ನಿಪ್ಪಟ್ಟನ್ನೋ ಹುರಿಗಡಲೆಯನ್ನೋ ಕಟುಮ್ಮನೆ ಕಡಿಯುವಾಗ ಅದು 50 ಕಿಲೋವರೆಗೂ ಏರಬಲ್ಲದು. ಐವತ್ತು ಕಿಲೋ! ಅದಕ್ಕೆ ಜಗ್ಗದ ಹಲ್ಲು ನೂರು ಗ್ರಾಂಗೆ ಜರುಗುತ್ತದಲ್ಲ, ಹೇಗೆ?

ಉತ್ತರ ಸಿಕ್ಕಿದಾಗಿನಿಂದ ನನಗೆ ಯಾರ ನಗುವನ್ನು ಕಂಡರೂ ಅದರ ಹಿಂದಿರುವ ಎಲುಬಿನ ನೆನಪಾಗುತ್ತದೆ. ನಾವೆಲ್ಲ ಹಲ್ಲು ದವಡೆಗೆ ಭದ್ರವಾಗಿ ನಾಟಿಕೊಂಡಿದೆ ಎಂದುಕೊಂಡಿದ್ದೇವೆ. ನಿಜಕ್ಕೂ ಹಲ್ಲಿನ ಬೇರು ಎಲುಬನ್ನು ಮುಟ್ಟಿಕೊಂಡಿಲ್ಲ. ಎರಡರ ನಡುವೆ ಅರ್ಧ ಮಿಲಿಮೀಟರಿಗೂ ತೆಳುವಾದ ಜೀವಂತ ಪದರವೊಂದಿದೆ. ಅದರ ಅಸಂಖ್ಯ ನಾರುಗಳು ಒಂದು ತುದಿಯಲ್ಲಿ ಬೇರನ್ನೂ ಇನ್ನೊಂದು ತುದಿಯಲ್ಲಿ ಎಲುಬನ್ನೂ ಹಿಡಿದಿವೆ. ಜೋಲಿಯಲ್ಲಿ ಮಲಗಿದ ಕೂಸಿನ ಹಾಗೆ ಹಲ್ಲು ತನ್ನ ಗುಳಿಯೊಳಗೆ ತೂಗುತ್ತಿದೆ. ನಾರುಗಳ ಸಂದಿಯಲ್ಲಿ ರಕ್ತನಾಳಗಳಿವೆ, ನರಗಳಿವೆ, ದ್ರವ ತುಂಬಿದೆ. ನಿಪ್ಪಟ್ಟು ಕಡಿದಾಗ ಬಲ ನಿಲ್ಲುವುದು ಒಂದು ಸೆಕೆಂಡೋ ಅದಕ್ಕಿಂತ ಕಡಿಮೆಯೋ. ಅಷ್ಟರಲ್ಲಿ ಆ ದ್ರವ ಹೊರಗೆ ನುಸುಳಲಾರದು, ಅದುಮಿಸಿಕೊಳ್ಳಲೂ ಆರದು. ಭಾರವೆಲ್ಲ ದವಡೆಗೆ ಸಾಗಿ, ಎಲುಬು ಕ್ಷಣಮಾತ್ರ ಬಾಗಿ, ಮತ್ತೆ ಮೊದಲಿನಂತಾಗುತ್ತದೆ.

ರಬ್ಬರ್ ಉಂಗುರ ಬಿಡುವುದಿಲ್ಲ. ಇಡೀ ಗುಟ್ಟು ಇರುವುದು ಇಲ್ಲೇ. ಒಂದೆರಡು ಸೆಕೆಂಡಿನಲ್ಲಿ ದ್ರವ ಪಕ್ಕಕ್ಕೆ ಸರಿಯುತ್ತದೆ, ಹಲ್ಲು ಗುಳಿಯೊಳಗೇ ಕೂದಲೆಳೆಯಷ್ಟು ವಾಲುತ್ತದೆ. ಇನ್ನೆರಡು ಮೂರು ಸೆಕೆಂಡಿನಲ್ಲಿ ಒತ್ತಡ ಬಿದ್ದ ಕಡೆಯ ರಕ್ತನಾಳಗಳು ಕಿರಿದಾಗುತ್ತವೆ, ಎಳೆತ ಬಿದ್ದ ಕಡೆಯವು ಹಿಗ್ಗುತ್ತವೆ. ನಿಮಿಷಗಳು ಕಳೆದಂತೆ ರಕ್ತದ ಹರಿವು ಬದಲಾಗಿ ಪ್ರೊಸ್ಟಗ್ಲಾಂಡಿನ್‌ನಂಥ ರಾಸಾಯನಿಕ ದೂತರು ಹೊರಬೀಳುತ್ತಾರೆ. ಸುಮಾರು ನಾಲ್ಕು ಗಂಟೆಯ ಹೊತ್ತಿಗೆ ಜೀವಕೋಶಗಳ ಒಳಗೇ ಸಂದೇಶ ತಲುಪಿರುತ್ತದೆ. ಎರಡನೆಯ ದಿನಕ್ಕೆ ಕೆಲಸಗಾರರು ಹಾಜರ್!

ಎಂಥ ಕೆಲಸಗಾರರು ಅಂತೀರಿ! ಒತ್ತಡದ ಕಡೆಗೆ ಬರುವುದು ಆಸ್ಟಿಯೋಕ್ಲಾಸ್ಟ್. ರಕ್ತದ ಬಿಳಿಕಣಗಳ ಕುಲದವೇ ಆದ ಹಲವು ಕೋಶಗಳು ಬೆಸೆದು ಒಂದಾಗಿ, ಒಂದೇ ಒಡಲಿನಲ್ಲಿ ಹಲವು ಕೋಶಕೇಂದ್ರಗಳನ್ನು ಹೊತ್ತ ದೈತ್ಯ ಕೋಶವಾಗುತ್ತವೆ. ಅದು ಎಲುಬಿಗೆ ಕವುಚಿ ಅಂಟಿಕೊಂಡು, ಅಂಚನ್ನು ಬಿಗಿಯಾಗಿ ಮುಚ್ಚಿ, ಒಳಗೆ ಆಮ್ಲ ಸುರಿಸಿ ಖನಿಜವನ್ನು ಕರಗಿಸುತ್ತದೆ. ಹಲ್ಲಿನ ಇನ್ನೊಂದು ಮಗ್ಗುಲಲ್ಲಿ, ನಾರುಗಳು ಹಿಗ್ಗಿದ ಕಡೆ, ಆಸ್ಟಿಯೋಬ್ಲಾಸ್ಟ್‌ಗಳು ಮೊದಲು ಕೊಲಾಜೆನ್ ನೇಯ್ದು ಅದರೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ತುಂಬಿ ಹೊಸ ಎಲುಬು ಕಟ್ಟುತ್ತವೆ. ಮುಂದೆ ಗೋಡೆ ಕರಗುತ್ತಿದೆ, ಹಿಂದೆ ಗೋಡೆ ಏಳುತ್ತಿದೆ, ನಡುವೆ ಹಲ್ಲು ತನ್ನ ಗುಳಿಯನ್ನೇ ಜೊತೆಗೆ ಕರೆದುಕೊಂಡು ಹೋಗುತ್ತಿದೆ!

ಇದೆಲ್ಲ ಆ ತೆಳುಪದರದ ಮಹಿಮೆ ಎನ್ನುವುದಕ್ಕೆ ಪುರಾವೆ ಬೇಕೆ? ಬಿದ್ದ ಹಲ್ಲಿನ ಜಾಗದಲ್ಲಿ ಕೂರಿಸುವ ಟೈಟೇನಿಯಂ ಇಂಪ್ಲಾಂಟ್ ನೋಡಿ. ಅದಕ್ಕೂ ಎಲುಬಿಗೂ ನಡುವೆ ಪದರವಿಲ್ಲ, ಎಲುಬು ನೇರವಾಗಿ ಲೋಹಕ್ಕೆ ಬೆಸೆದುಕೊಂಡಿರುತ್ತದೆ. ಅದಕ್ಕೆ ವರ್ಷಗಟ್ಟಲೆ ರಬ್ಬರ್ ಕಟ್ಟಿದರೂ ಒಂದು ನೂಲೂ ಅಲ್ಲಾಡದು.

ಎಲುಬು ಹೀಗೆ ಒಂದು ಕಡೆ ಕರಗಿ ಇನ್ನೊಂದು ಕಡೆ ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ ಮುಖ್ಯರು. ನಾಯಿಗಳ ಹಲ್ಲಿನ ಮೇಲೆ ಅವರು ಮಾಡಿದ ಪ್ರಯೋಗಗಳು 1904ರ ಸುಮಾರಿಗೆ ಪ್ರಕಟವಾದವು. ಬಲ ಜಾಸ್ತಿಯಾದರೆ ಕೆಲಸ ನಿಂತೇಹೋಗುತ್ತದೆ ಎಂಬುದೂ ಅಲ್ಲಿಯೇ ಗೊತ್ತಾಯಿತು. ಒತ್ತಡ ಮೀರಿದರೆ ಪದರದ ರಕ್ತನಾಳಗಳು ಪೂರ್ತಿ ಮುಚ್ಚಿಹೋಗಿ ಆ ಜಾಗದ ಕೋಶಗಳು ಸಾಯುತ್ತವೆ. ಸತ್ತ ಜಾಗಕ್ಕೆ ಕೆಲಸಗಾರರು ಬರುವುದಾದರೂ ಎಲ್ಲಿಂದ? 1932ರಲ್ಲಿ ಮಾರ್ಟಿನ್ ಷ್ವಾರ್ಟ್ಸ್ ಒಂದು ಅಂದಾಜು ಕೊಟ್ಟರು: ಹಲ್ಲಿನ ಬೇರಿನ ಮೇಲಿನ ಒತ್ತಡ ಸೂಕ್ಷ್ಮ ರಕ್ತನಾಳಗಳೊಳಗಿನ ರಕ್ತದೊತ್ತಡವನ್ನು, ಅಂದರೆ ಒಂದು ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಮಟ್ಟವನ್ನು, ಮೀರಬಾರದು. ಬೇಗ ಆಗಲಿ ಎಂದು ಒಂದರ ಬದಲು ಎರಡು ಉಂಗುರ ತೊಡುವ ಮಕ್ಕಳಿಗೆ ವೈದ್ಯರು ಗದರುವುದು ಇದೇ ಕಾರಣಕ್ಕೆ. ಎರಡು ತೊಟ್ಟರೆ ನೋವು ಹೆಚ್ಚುತ್ತದೆ, ಬೇರುಗಳೇ ಸವೆಯುವ ಅಪಾಯವೂ ಇದೆ.

ಈಗ ಆ ಉಂಗುರದ ಕಡೆಗೇ ತಿರುಗೋಣ. ಅದು ಬಹುಪಾಲು ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ ತೊಗಟೆಗೆ ಓರೆ ಗೀರು ಹಾಕಿದರೆ ಗೆರಟೆಗೆ ತೊಟ್ಟಿಕ್ಕುವ ಅದೇ ಬಿಳಿ ಹಾಲು. ಅಮೆಜಾನ್ ಕಾಡಿನ ಈ ಮರದ ಸುಮಾರು 70,000 ಬೀಜಗಳನ್ನು 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಬಂದವು. ಭಾರತ ಮತ್ತು ಸಿಂಹಳ (ಇಂದಿನ ಶ್ರೀಲಂಕಾ) 1964ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಿಗಾಗಿಯೇ ಸುಳ್ಯದ ಸುತ್ತ ಸರ್ಕಾರಿ ರಬ್ಬರ್ ತೋಟಗಳೆದ್ದವು. ಅಂಥ ಹಾಲನ್ನು ಗಟ್ಟಿಗೊಳಿಸಿ, ಗಂಧಕ ಸೇರಿಸಿ, ಕೊಳವೆ ಮಾಡಿ ಬೇಯಿಸಿ, ತೆಳ್ಳಗೆ ಕತ್ತರಿಸಿದರೆ ಉಂಗುರ.

ಆದರೆ ರಬ್ಬರ್ ಎಳೆಯುವುದಾದರೂ ಯಾಕೆ? ಲೋಹದ ಸ್ಪ್ರಿಂಗು ಎಳೆಯುವುದು ಅದರ ಪರಮಾಣುಗಳ ಬಂಧ ಬಾಗಿದ್ದರಿಂದ. ರಬ್ಬರಿನದು ಬೇರೆಯೇ ಕಥೆ. ಅದರ ಉದ್ದುದ್ದ ಅಣುಸರಪಳಿಗಳು ಶಾಖದ ಕಂಪನದಿಂದ ಸದಾ ಕುಣಿಯುತ್ತ, ಮುದುಡಿ ಗೋಜಲಾಗಿರುತ್ತವೆ. ಎಳೆದಾಗ ಸರಪಳಿಗಳು ನೆಟ್ಟಗಾಗುತ್ತವೆ, ಕುಣಿತ ಮತ್ತೆ ಅವನ್ನು ಗೋಜಲಿಗೆ ತಳ್ಳುತ್ತದೆ. ಆ ತಳ್ಳಾಟವೇ ನಮಗೆ ಎಳೆತವಾಗಿ ಕಾಣುವುದು! ಇದರ ಮೊದಲ ಸುಳಿವು ಹಿಡಿದವರು ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಫ್. ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದ ಅವರು ರಬ್ಬರ್ ಪಟ್ಟಿಯನ್ನು ತುಟಿಗೆ ತಾಗಿಸಿ ಹಿಡಿದು ಸರಕ್ಕನೆ ಎಳೆದರು, ಅದು ಬೆಚ್ಚಗಾಯಿತು. ಸಡಿಲ ಬಿಟ್ಟರು, ತಣ್ಣಗಾಯಿತು. ತೂಕ ಕಟ್ಟಿ ತೂಗುಬಿಟ್ಟ ರಬ್ಬರನ್ನು ಬಿಸಿ ಮಾಡಿದರೆ ಅದು ಹಿಗ್ಗುವ ಬದಲು ಕುಗ್ಗುತ್ತದೆ ಎಂದೂ ಕಂಡುಕೊಂಡರು. ಇದು 1805ರ ಮಾತು. ಅರ್ಧ ಶತಮಾನದ ಮೇಲೆ ಜೇಮ್ಸ್ ಜೂಲ್ ಅದನ್ನು ಅಳೆದು ದೃಢಪಡಿಸಿದರು. ಅಂದರೆ ಕ್ಲಿಪ್ ಹಾಕಿದ ಆ ಹುಡುಗಿಯ ಬಾಯಿಯೊಳಗೆ ರಬ್ಬರನ್ನು ಕುಣಿಸುತ್ತಿರುವ ಶಾಖ ಅವಳ ಮೈಯದೇ. ತನ್ನ ಬಿಸಿಯಿಂದಲೇ ತನ್ನ ಹಲ್ಲನ್ನು ಜರುಗಿಸಿಕೊಳ್ಳುತ್ತಿದ್ದಾಳೆ ಅವಳು!

ಹಸಿ ರಬ್ಬರು ಸೆಕೆಗೆ ಅಂಟಂಟಾಗಿ ಚಳಿಗೆ ಬಿರುಸಾಗುತ್ತಿತ್ತು. ಗಂಧಕದೊಡನೆ ಕಾಯಿಸಿದರೆ ಅದು ಗಟ್ಟಿ ನಿಲ್ಲುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. 1845ರಲ್ಲಿ ಲಂಡನ್ನಿನ ಸ್ಟೀಫನ್ ಪೆರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದರು, ಕಾಗದ ಕಟ್ಟಲು. ದಂತವೈದ್ಯರೂ ಬೇಗನೆ ಅದಕ್ಕೆ ಕೈಹಾಕಿದರು. ಆದರೆ ಒಂದೇ ದವಡೆಯೊಳಗೆ ಎಳೆಯುವುದಕ್ಕೆ ಮಿತಿ ಇತ್ತು. ಮುಂದಿನ ಹಲ್ಲನ್ನು ಹಿಂದಕ್ಕೆಳೆದರೆ ಹಿಂದಿನದು ಮುಂದಕ್ಕೆ ಬರುತ್ತದಲ್ಲ! ಮೇಲಿನ ದವಡೆಯಿಂದ ಕೆಳಗಿನ ದವಡೆಗೇ ಕಟ್ಟಿಬಿಟ್ಟರೆ? 1893ರ ಹೊತ್ತಿಗೆ ಬಾಸ್ಟನ್ನಿನ ಹೆನ್ರಿ ಬೇಕರ್, ಷಿಕಾಗೋದ ಕ್ಯಾಲ್ವಿನ್ ಕೇಸ್ ಇಬ್ಬರೂ ಈ ದಾರಿ ಹಿಡಿದಿದ್ದರು. ಆಧುನಿಕ ದಂತಜೋಡಣೆಯ ಪಿತಾಮಹ ಎನಿಸಿದ ಎಡ್ವರ್ಡ್ ಆಂಗಲ್ ಅದನ್ನು ಬೇಕರ್ ಹೆಸರಿನಿಂದಲೇ ಕರೆದು ಹರಡಿದರು. ಆಂಗಲ್ ಶಿಷ್ಯರಾದ ಅಡಿಲೇಡಿನ ರೇಮಂಡ್ ಬೆಗ್ ಇನ್ನೂ ಮುಂದೆ ಹೋದರು. ವಿಲ್‌ಕಾಕ್ ಎಂಬ ಲೋಹತಜ್ಞರು ತಯಾರಿಸಿಕೊಟ್ಟ ಸಪೂರ ಉಕ್ಕಿನ ತಂತಿಗೆ ಅತಿ ಹಗುರ ಉಂಗುರಗಳನ್ನು ಸೇರಿಸಿ ಹಲ್ಲುಗಳನ್ನು ಸಲೀಸಾಗಿ ವಾಲಿಸಿದರು. ನಮ್ಮ ದೇಶದ ದಂತ ಕಾಲೇಜುಗಳಲ್ಲೂ ಬಹುಕಾಲ ಬೆಗ್ ಪದ್ಧತಿ ಕಲಿಸುತ್ತಿದ್ದರು.

ಕೊಕ್ಕೆ ಬದಲಾದರೆ ಗತಿಯೂ ಬದಲು. ಮೇಲಿನ ಕೋರೆಯಿಂದ ಕೆಳಗಿನ ದವಡೆಹಲ್ಲಿಗೆ ಕಟ್ಟಿದರೆ ಉಬ್ಬಿದ ಮೇಲುಹಲ್ಲು ಹಿಂದಕ್ಕೆ ಹೋಗುತ್ತದೆ. ತಿರುಗಿಸಿ ಕಟ್ಟಿದರೆ ಮುಂಚಾಚಿದ ಕೆಳಸಾಲು ಹಿಂದಕ್ಕೆ. ಮುಂಭಾಗದಲ್ಲಿ ಚೌಕವಾಗಿ ತೊಡಿಸಿದರೆ ಮುಚ್ಚದೆ ಉಳಿದ ಸಾಲುಗಳು ಒಂದನ್ನೊಂದು ಕೂಡುತ್ತವೆ. ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿನ ಸುತ್ತ ಕಾಣುವ ಬಣ್ಣಬಣ್ಣದ ಪುಟ್ಟ ಬಳೆಗಳು ಬೇರೆ ಜಾತಿಯವು. ಅವು ತಂತಿಯನ್ನು ಹಿಡಿದಿಡುವ ಪಾಲಿಯುರೆಥೇನ್, ವೈದ್ಯರೇ ಬದಲಿಸುತ್ತಾರೆ. ಲೇಟೆಕ್ಸ್, ಅಂದರೆ ರಬ್ಬರ್ ಹಾಲು, ಒಗ್ಗದವರಿಗೆ ಕೃತಕ ಉಂಗುರಗಳೂ ಇವೆ. ಒಂದು ಕಂಪನಿ ಪೊಟ್ಟಣಗಳಿಗೆ ಮೊಲ, ನರಿ, ಕಾಂಗರೂ ಎಂದು ಪ್ರಾಣಿಗಳ ಹೆಸರಿಟ್ಟಿದೆ. ಅಳತೆ ಮರೆತರೂ ಮಕ್ಕಳು ಪ್ರಾಣಿಯನ್ನು ಮರೆಯುವುದಿಲ್ಲ, ಎಂಥ ಜಾಣ ಉಪಾಯ!

ಇಡೀ ಚಿಕಿತ್ಸೆಯಲ್ಲಿ ಮಕ್ಕಳ ಕೈಗೇ ಬಿಟ್ಟಿರುವುದು ಇದೊಂದೇ, ನನ್ನ ಮನಸ್ಸು ತುಂಬಿಬರುವುದೂ ಇಲ್ಲಿಯೇ. ತಂತಿಯನ್ನು ವೈದ್ಯರು ಬಿಗಿಯುತ್ತಾರೆ, ಉಂಗುರವನ್ನು ಹನ್ನೆರಡು ಹದಿಮೂರರ ಮಗು ತಾನೇ ತೊಡಬೇಕು. ಸಾಮಾನ್ಯವಾಗಿ ದಿನಕ್ಕೆ 20ರಿಂದ 22 ಗಂಟೆ, ಊಟಕ್ಕೂ ಹಲ್ಲುಜ್ಜಲಿಕ್ಕೂ ಮಾತ್ರ ತೆಗೆದು. ದಿನವೂ ಹೊಸದು ಹಾಕಬೇಕು, ಏಕೆಂದರೆ ಎಂಜಲಿನಲ್ಲಿ ನೆನೆದು ಎಳೆಸಿಕೊಂಡ ರಬ್ಬರು ಮೊದಲ ಗಂಟೆಯಿಂದಲೇ ಸೋಲತೊಡಗುತ್ತದೆ. ದಿನದಲ್ಲಿ ನಾಲ್ಕರಿಂದ ಎಂಟು ಗಂಟೆಗಿಂತ ಕಡಿಮೆ ತೊಟ್ಟರೆ ಎಲುಬಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೊತ್ತಿನ ಈ ಲೆಕ್ಕ ಕೂಸು ಬೆರಳು ಚೀಪುವುದಕ್ಕೂ ಒಪ್ಪುತ್ತದೆ. ಆಗೊಮ್ಮೆ ಈಗೊಮ್ಮೆ ಚೀಪುವ ಮಗುವಿನ ಹಲ್ಲು ನೆಟ್ಟಗಿರುತ್ತದೆ, ರಾತ್ರಿಯಿಡೀ ಬೆರಳಿಟ್ಟು ಮಲಗುವ ಮಗುವಿನ ಹಲ್ಲು ಉಬ್ಬುತ್ತದೆ.

ಓದುವ ತಂದೆತಾಯಿಗಳಿಗೆ ಕೈಮುಗಿದು ಒಂದು ಮಾತು. ಮುಂದಿನ ಎರಡು ಹಲ್ಲುಗಳ ಸಂದು ಮುಚ್ಚಲು ಮನೆಯಲ್ಲೇ ಅವುಗಳ ಸುತ್ತ ರಬ್ಬರ್ ಬ್ಯಾಂಡ್ ಬಿಗಿಯುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲಿನ ಬೇರು ಕೊನೆಯ ಕಡೆಗೆ ಚೂಪಾಗುತ್ತ ಹೋಗುತ್ತದೆ. ಕೊಕ್ಕೆಯ ಹಿಡಿತವಿಲ್ಲದ ಬ್ಯಾಂಡು ಆ ಇಳಿಜಾರಿನಲ್ಲಿ ಜಾರಿ ವಸಡಿನೊಳಗೆ ಮಾಯವಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಅದು ಬೇರಿನುದ್ದಕ್ಕೂ ಸಾಗುತ್ತ ನಾರನ್ನೂ ಎಲುಬನ್ನೂ ಹಾಳುಗೆಡವಿ, ಗಟ್ಟಿಮುಟ್ಟಾದ ಹಲ್ಲನ್ನೇ ಬೀಳಿಸುತ್ತದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳ ಹಲ್ಲನ್ನು ಕೀಳದೆ ಉದುರಿಸಲು ಹಿಂದಿನ ವೈದ್ಯರು ಬಳಸುತ್ತಿದ್ದುದು ಇದೇ ಉಪಾಯವನ್ನು!

ಹಲ್ಲು ಗುರಿ ಮುಟ್ಟಿ, ಕ್ಲಿಪ್ ಬಿಚ್ಚಿದ ದಿನವೂ ವಸಡು ಸುಮ್ಮನಾಗಿರುವುದಿಲ್ಲ. ಎಲುಬಿನೊಳಗಿನ ನಾರುಗಳು ನಾಲ್ಕಾರು ತಿಂಗಳಲ್ಲಿ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತವೆ. ಎಲುಬಿನ ಅಂಚಿಗಿಂತ ಮೇಲೆ, ವಸಡಿನಲ್ಲಿರುವ ನಾರುಗಳ ಹಟ ಬೇರೆ. ತಿರುಚಿದ್ದ ಹಲ್ಲನ್ನು ನೇರ ಮಾಡಿದ್ದರೆ ಅವು ವರ್ಷ ಕಳೆದರೂ ಹಿಗ್ಗಿಕೊಂಡೇ ಇದ್ದು ಹಲ್ಲನ್ನು ಹಳೆಯ ಓರೆಗೇ ಜಗ್ಗುತ್ತಿರುತ್ತವೆ. ಅದಕ್ಕೇ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್, ಅದಕ್ಕೇ ಕೆಲವು ಹಲ್ಲುಗಳಿಗೆ ವೈದ್ಯರು ವಸಡಿನ ಅಂಚಿನಲ್ಲಿ ಸಣ್ಣ ಚಾಕು ಆಡಿಸಿ ಆ ನಾರುಗಳನ್ನು ಕತ್ತರಿಸಿಬಿಡುವುದು. ಕತ್ತರಿಸಿದವು ಕೆಲವೇ ವಾರಗಳಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ, ಈ ಬಾರಿ ಹಲ್ಲು ಈಗ ನಿಂತಿರುವ ಜಾಗದಲ್ಲೇ!