ತೆಂಗಿನ ತೋಟದ ಲಾರಿಗಳು

ತಿಪಟೂರು ದಾಟಿ ಬಿ.ಎಚ್. ರಸ್ತೆಯಲ್ಲಿ ಅರಸೀಕೆರೆ ಕಡೆಗೆ ಸ್ವಲ್ಪ ದೂರ ಹೋಗಿ ಮಣ್ಣಿನ ದಾರಿಗೆ ಇಳಿದರೆ ಮೊದಲು ಸಿಗುವುದು ಸುಲಿದ ಮಟ್ಟೆಯ ರಾಶಿ. ಅದರಾಚೆ ತಗಡಿನ ಶೆಡ್ಡು. ಮೇಲೆ ಅಟ್ಟದಲ್ಲಿ ಉಂಡೆ ಕೊಬ್ಬರಿ ಒಣಗುತ್ತಿದೆ, ಕೆಳಗೆ ಐದು ಲಾರಿಗಳಿವೆ. ಐದು ಎಂದು ಲೆಕ್ಕ ಹೇಳುವುದು ಯಜಮಾನರು. ನಮ್ಮ ಕಣ್ಣಿಗೆ ಕಾಣುವುದು ಮೂರು ಲಾರಿ, ಇಂಜಿನ್ ಇಲ್ಲದ ಒಂದು ದೇಹ, ದೇಹ ಇಲ್ಲದ ಒಂದು ಮುಖ.

ಯಜಮಾನರಿಗೆ ಎಪ್ಪತ್ತು ದಾಟಿದೆ. ಇಲ್ಲಿಯ ಕೊಬ್ಬರಿಯನ್ನು ಉತ್ತರದ ಮಂಡಿಗಳಿಗೂ, ಘಟ್ಟ ಇಳಿಸಿ ಮಂಗಳೂರಿಗೂ ಹೊತ್ತವರು. ಬರುವಾಗ ಲಾರಿ ಖಾಲಿ ಇರಬಾರದಲ್ಲ, ಮಂಗಳೂರು ಹೆಂಚು ತುಂಬಿಕೊಂಡು ಚಾರ್ಮಾಡಿ ಹತ್ತುತ್ತಿದ್ದರು. "ಬನ್ನಿ ಸ್ವಾಮಿ, ಚಪ್ಪಲಿ ಬಿಡೋದು ಬೇಡ, ಇದೇನು ದೇವಸ್ಥಾನ ಅಲ್ಲ" ಎನ್ನುತ್ತಲೇ ತಾವು ಮಾತ್ರ ಬರಿಗಾಲಲ್ಲಿ ಒಳಗೆ ನಡೆದರು.

ಬಾಗಿಲಿಗೆ ನಿಂತಿರುವುದು ಟಾಟಾ ಮರ್ಸಿಡಿಸ್ ಬೆಂಜ್ 312. ದುಂಡು ಬಾನೆಟ್ಟು, ಊದಿದ ಕೆನ್ನೆಯಂಥ ಮಡ್‌ಗಾರ್ಡು, ಗ್ರಿಲ್ಲಿನ ಮೇಲೆ ಮೂರು ಮೊನೆಯ ನಕ್ಷತ್ರ. ನಂಬರು ‘ಎಂ.ವೈ.’ ಎಂದು ಶುರುವಾಗುತ್ತದೆ, ಅಂದರೆ ರಾಜ್ಯದ ಹೆಸರು ಮೈಸೂರು ಎಂದೇ ಇದ್ದ ಕಾಲದ್ದು. ಜಮ್‌ಶೆಡ್‌ಪುರದ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಲು ಆರಂಭಿಸಿತು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಆದರೂ ಹಳೇ ಡ್ರೈವರುಗಳ ಬಾಯಲ್ಲಿ ಟಾಟಾ ಗಾಡಿ ಬಹಳ ಕಾಲ ‘ಬೆಂಜ್’ ಆಗಿಯೇ ಉಳಿಯಿತು. ಇದರ ಇಂಜಿನ್ ಆರು ಸಿಲಿಂಡರಿನದು, 4.6 ಲೀಟರಿಗೆ ತುಸು ಕಡಿಮೆ. ಈಗ ಪ್ರಯಾಣಿಕರ ವ್ಯಾನುಗಳಲ್ಲೂ ಸಿಗುವ ನೂರು ಕುದುರೆಯ ಶಕ್ತಿ ಅಂದು ಘಟ್ಟದಲ್ಲಿ ಟನ್ನುಗಟ್ಟಲೆ ಹೆಂಚು ಎಳೆಯಬೇಕಿತ್ತು. ಆದ್ದರಿಂದ ಎಳೆದದ್ದಕ್ಕಿಂತ ತೆವಳಿದ್ದೇ ಜಾಸ್ತಿ.

ಪಕ್ಕದ್ದು ಅಶೋಕ್ ಲೇಲ್ಯಾಂಡ್ ಕಾಮೆಟ್. ಮದ್ರಾಸಿನ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಕಂಪನಿ ಕಾಮೆಟ್ ಲಾರಿಗೆ ಕೈಹಾಕಿ, 1955ರಲ್ಲಿ ಹೆಸರನ್ನೂ ಅಶೋಕ್ ಲೇಲ್ಯಾಂಡ್ ಎಂದು ಬದಲಿಸಿಕೊಂಡಿತು. ಮೂರನೆಯದು ಟಾಟಾ 1210, ಬಾನೆಟ್ಟು ಗಿಡ್ಡವಾದ ನಂತರದ ಕಾಲದ್ದು. ಎಪ್ಪತ್ತು, ಎಂಬತ್ತರ ದಶಕದಲ್ಲಿ ರಸ್ತೆಬದಿ ನಿಂತವರೆಲ್ಲ ಇದನ್ನು ಕಂಡೇ ಇರುತ್ತಾರೆ. ಮೇಸ್ತ್ರಿ ಸಾಬರು ಒಂದು ಗುಟ್ಟು ಹೇಳಿದರು: ಇದರಲ್ಲಿ ಕೂರಿಸುವ 697 ಇಂಜಿನ್ನಿನ ಹೆಸರಲ್ಲೇ ಅಳತೆ ಅಡಗಿದೆ. ಆರು ಸಿಲಿಂಡರು, ಒಂದೊಂದರ ಬೋರು 97 ಮಿಲಿಮೀಟರು. ಅದಕ್ಕೂ ಹಿಂದಿನ 692ಕ್ಕೆ 92. ಹೀಗೆ ಹೇಳಿಬಿಟ್ಟರೆ ಅಂಗಡಿಯವನು ಬೇರೆ ಲೈನರ್ ಕೊಟ್ಟು ಯಾಮಾರಿಸಲಾಗದು.

ಶೆಡ್ಡಿನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಲಾರಿಗಳಲ್ಲ, ಹಿಂದಿನ ಮೂಲೆಯಲ್ಲಿ ಆಚಾರ್ರು ಮಾಡುತ್ತಿದ್ದ ಕೆಲಸ. ಬಾಚಿಯಲ್ಲಿ ಮತ್ತಿ ಮರದ ದಿಮ್ಮಿ ಕೆತ್ತಿ 312ಕ್ಕೆ ಕ್ಯಾಬಿನ್ನಿನ ಕಂಬ ಮಾಡುತ್ತಿದ್ದರು. ಕಂಪನಿಯವರು ಮರದ ಕಂಬ ಕೊಟ್ಟಿರುತ್ತಾರೆಯೇ?

"ಕಂಪ್ನಿ ಕೊಟ್ಟಿದ್ದು ಚಾಸಿ, ಇಂಜಿನ್ನು, ಮೂತಿ. ಮಿಕ್ಕಿದ್ದೆಲ್ಲ ನಮ್ಮೋರು ಮಾಡಿದ್ದು" ಎಂದರು ಆಚಾರ್ರು, ತಲೆ ಎತ್ತದೆ.

ಹಳೇ ಲಾರಿ ಉಳಿಸುವವರ ಎಲ್ಲ ತಲೆನೋವು ಈ ಮಾತಿನಲ್ಲಿದೆ. ಅಮೆರಿಕದಲ್ಲಿ ಹಳೆಯ ಮ್ಯಾಕ್ ಲಾರಿ ಉಳಿಸಲು ಹೊರಟವನಿಗೆ ಕಾರ್ಖಾನೆಯ ಕ್ಯಾಟಲಾಗು ಇದೆ. ಕ್ಯಾಬಿನ್ ಹೇಗಿತ್ತು, ಬಣ್ಣ ಯಾವುದು ಎಂದು ನೋಡಿ ಹಾಗೇ ಮಾಡಬಹುದು. ನಮ್ಮಲ್ಲಿ ಲಾರಿ ಕಾರ್ಖಾನೆಯಿಂದ ಬಹುಪಾಲು ಬರಿಯ ಚಾಸಿಯಾಗಿ ಹೊರಡುತ್ತಿತ್ತು. ಮೂತಿಯ ಹಿಂದೆ ಒಂದು ಪೆಟ್ಟಿಗೆಯೋ ಹಲಗೆಯೋ ಇಟ್ಟು, ತಲೆಗೆ ಟವೆಲು ಸುತ್ತಿಕೊಂಡು, ಗಾಳಿ ಬಿಸಿಲಿಗೆ ಮುಖ ಕೊಟ್ಟು ಸಾಲಾಗಿ ಚಾಸಿ ಓಡಿಸಿಕೊಂಡು ಬರುವವರನ್ನು ಹೆದ್ದಾರಿಯಲ್ಲಿ ಕಂಡಿದ್ದೇವೆ. ಆ ಚಾಸಿ ಬಂದು ನಿಲ್ಲುತ್ತಿದ್ದುದು ಬಾಡಿ ಕಟ್ಟುವವರ ಅಂಗಳದಲ್ಲಿ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಈ ಕೆಲಸಕ್ಕೆ ಹೆಸರಾದವು. ಅಲ್ಲಿಗೆ ಹೋಗಲಾಗದವರು ತಮ್ಮೂರಿನ ಬಡಗಿ, ಕಮ್ಮಾರ, ಪೇಂಟರನ್ನೇ ನಂಬಿದರು. ಕ್ಯಾಬಿನ್, ತೊಟ್ಟಿ, ಟಾಪು, ಡ್ರೈವರ್ ಹಿಂದಿನ ಮಲಗುವ ಹಲಗೆ ಎಲ್ಲ ಅವರದೇ ಅಳತೆ. ಕಟ್ಟಿದ ಬಾಡಿಯೂ ಶಾಶ್ವತವಲ್ಲ. ಮರ ಲಡ್ಡಾದಾಗ, ಗಾಡಿ ಮಗುಚಿದಾಗ, ಯಜಮಾನ ಬದಲಾದಾಗ ಹೊಸದು. ಒಂದೇ ಚಾಸಿ ತನ್ನ ಆಯಸ್ಸಿನಲ್ಲಿ ಹಲವು ಬಾಡಿ ಹೊತ್ತಿರುತ್ತದೆ. ಈಗ ಹೇಳಿ, ಇದರ ಮೂಲ ರೂಪ ಯಾವುದು?

ಯಜಮಾನರು ತಮ್ಮ ಮಟ್ಟಿಗೆ ಪ್ರಶ್ನೆ ಬಗೆಹರಿಸಿಕೊಂಡಿದ್ದಾರೆ. ಒಂದು ಆಯುಧಪೂಜೆಯ ದಿನ ತೆಗೆಸಿದ ಕಪ್ಪುಬಿಳುಪು ಫೋಟೋ ಅವರಲ್ಲಿದೆ: ಬಾಳೆಕಂದು ಕಟ್ಟಿದ 312, ಮುಂದೆ ಒಡೆದ ಬೂದುಗುಂಬಳ, ಬಂಪರಿಗೆ ಒರಗಿ ನಿಂತ ಅವರ ತಂದೆ. ಆ ಫೋಟೋದಲ್ಲಿ ಇದ್ದದ್ದೇ ಮೂಲ. ಹಣೆಯ ಹಲಗೆಯಲ್ಲಿ ಎರಡು ನವಿಲು, ನಡುವೆ ‘ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ’. ಬಣ್ಣ ಯಾವುದಿತ್ತೆಂದು ಫೋಟೋ ಹೇಳುವುದಿಲ್ಲ. ಹಸಿರು ಎನ್ನುತ್ತಾರೆ ಇವರು, ನೀಲಿ ಎನ್ನುತ್ತಾರೆ ಇವರ ಅಕ್ಕ. ಸಾಬರು ಬಾಗಿಲ ಸಂದಿಯ ಬಣ್ಣವನ್ನು ಪದರ ಪದರವಾಗಿ ಕೆರೆದು ನೋಡಿದರೆ ಹಸಿರೂ ಇತ್ತು, ನೀಲಿಯೂ ಇತ್ತು, ಕೆಳಗೆ ಕಂದು ಬೇರೆ.

ಇದರ ಜೊತೆಗೆ ಸರ್ಕಾರದ ಲೆಕ್ಕವೂ ಒಂದಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗ ಸೇರಿತು. 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡು, ದೊಡ್ಡ ಬದಲಾವಣೆ ಆಗದ ಗಾಡಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರು; ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಒಳ್ಳೆಯ ನಿಯಮವೇ. ಆದರೆ ಅದು ಬೈಕು, ಸ್ಕೂಟರು, ಕಾರುಗಳಿಗೆ ಮಾತ್ರ. ಸರಕು ಹೊರುವ ಗಾಡಿಯ ಹೆಸರೇ ಅದರಲ್ಲಿಲ್ಲ. ಅರಸರ ಕಾರು ವಿಂಟೇಜು, ಅರಮನೆ ಕಟ್ಟಲು ಕಲ್ಲು ಹೊತ್ತದ್ದು ಗುಜರಿ! ಸೇರಿಸಿದರೂ ‘ಮೂಲ ರೂಪ’ ಎಂಬ ಷರತ್ತಿನ ಮುಂದೆ ಆಚಾರ್ರ ಮತ್ತಿ ಕಂಬ ನಿಲ್ಲುತ್ತದೆಯೋ ಇಲ್ಲವೋ. ಕೈಯಿಂದ ಕೈಗೆ ಬದಲಾಗುತ್ತ ಬಂದದ್ದೇ ನಮ್ಮ ಲಾರಿಯ ಮೂಲ ಗುಣ ಎಂದು ಒಪ್ಪುವ ನಿಯಮ ಬರಬೇಕು ಎಂಬುದು ನನ್ನ ವಾದ. ಯಜಮಾನರ ವಾದ ಅಷ್ಟು ದೂರ ಹೋಗುವುದಿಲ್ಲ. ವರ್ಷಕ್ಕೊಂದು ದಿನ, ರಂಗಾಪುರದ ಜಾತ್ರೆಗೆ ಓಡಿಸಿಕೊಂಡು ಹೋಗಲು ಬಿಟ್ಟರೆ ಸಾಕಂತೆ.

ಸದ್ಯಕ್ಕೆ ಓಟವೆಲ್ಲ ತೋಟದೊಳಗೇ. ಕಾಮೆಟ್ ಹತ್ತಿಸಿದರು. ಹತ್ತುವುದೂ ಒಂದು ವಿದ್ಯೆ: ಎಡಗಾಲು ಮೆಟ್ಟಿಲಿಗೆ, ಕೈ ಹಿಡಿಗೆ, ಮಿಕ್ಕಿದ್ದು ದೇವರಿಗೆ. ಸೆಲ್ಫ್ ಹೊಡೆದೊಡನೆ ಅಟ್ಟದ ಕೊಬ್ಬರಿ ಗುಡುಗುಡು ಎಂದಿತು. ಇದರ ಗೇರ್‌ಬಾಕ್ಸಿನಲ್ಲಿ ಈಗಿನಂತೆ ಹಲ್ಲುಗಳ ವೇಗ ಸರಿದೂಗಿಸುವ ಸಿಂಕ್ರೋ ಇಲ್ಲ. ಡ್ರೈವರೇ ಸರಿದೂಗಿಸಬೇಕು. ಕ್ಲಚ್ ಒತ್ತಿ ನ್ಯೂಟ್ರಲಿಗೆ ತಂದು ಕ್ಲಚ್ ಬಿಟ್ಟರು. ಕೆಳಗಿನ ಗೇರಾದರೆ ಅಲ್ಲಿ ಒಂದು ಸಲ ಆಕ್ಸಲರೇಟರ್ ಕೊಟ್ಟರು. ಮತ್ತೆ ಕ್ಲಚ್, ಆಮೇಲೆ ಗೇರು. ನಾನು ಎಣಿಸಿಕೊಳ್ಳುವಷ್ಟರಲ್ಲಿ ಅವರ ಕಾಲು ಮುಗಿಸಿರುತ್ತಿತ್ತು, ಹಲ್ಲು ಕಡಿದ ಸದ್ದು ಒಮ್ಮೆಯೂ ಬರಲಿಲ್ಲ. ಸ್ಟೇರಿಂಗಿಗೆ ಪವರ್ ಇಲ್ಲ. ನಿಂತಲ್ಲೇ ತಿರುಗಿಸಲು ಹೋದರೆ ಹೆಗಲು ಹೋಗುತ್ತದೆ, ಒಂದಿಷ್ಟು ಉರುಳಿಸಿ ಆಗ ತಿರುಗಿಸಬೇಕು. ತೆಂಗಿನ ಸಾಲುಗಳ ನಡುವೆ ಆ ವಯಸ್ಸಿನ ಮನುಷ್ಯ ಅದನ್ನು ಎರಡು ಬೆರಳಲ್ಲಿ ತಿರುಗಿಸಿದಂತೆ ಕಂಡರೂ ಮುಂಗೈ ನರಗಳು ಬೇರೆ ಕಥೆ ಹೇಳುತ್ತಿದ್ದವು.

ಚಾರ್ಮಾಡಿ ಇಳಿಯುವುದು ಹೇಗೆ ಎಂದು ಕೇಳಿದೆ. "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ. ನಮ್ಮಪ್ಪ ಕಲಿಸಿದ್ದು ಅಷ್ಟೇ." ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿದರೆ ಡ್ರಮ್ಮು ಕಾದು, ಲೈನಿಂಗು ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು. ಕ್ಲೀನರ್ ಹುಡುಗ ಮರದ ತುಂಡು ಹಿಡಿದು, ನಿಂತರೆ ಗಾಲಿಗೆ ಕೊಡಲು ಬಾಗಿಲಲ್ಲಿ ಜೋತುಬಿದ್ದಿರುತ್ತಿದ್ದ. ಯಜಮಾನರೂ ಆ ಹುಡುಗನಾಗಿಯೇ ಶುರುಮಾಡಿದವರು.

ಇಳಿದ ಮೇಲೆ ಎಳನೀರು. ಕೆತ್ತಿದ ಮಚ್ಚನ್ನು ತೋರಿಸಿ ಸಾಬರು ನಕ್ಕರು: ಅದು ಲಾರಿಯ ಬ್ಲೇಡ್ ಸೆಟ್ಟಿನ ಒಂದು ಪಟ್ಟಿ, ಕುಲುಮೆಗೆ ಹೋಗಿ ಬಂದದ್ದು. ನಮ್ಮ ಕಡೆ ಹಳೇ ಲಾರಿಗಳು ಹೋದದ್ದು ಹೀಗೇ. ಬ್ಲೇಡು ಮಚ್ಚಾಯಿತು, ಆಕ್ಸಲ್ಲು ಟೈರು ಗಾಡಿಗೆ, ಇಂಜಿನ್ನು ಪಂಪಿಗೋ ಗಿರಣಿಗೋ. ಗುಜರಿಯವನಿಗೆ ಕೊಡುವ ಮುಂಚೆಯೇ ಊರು ಅರ್ಧ ಲಾರಿಯನ್ನು ತಿಂದಿರುತ್ತಿತ್ತು. ಬಿಡಿಭಾಗ ಹುಡುಕುವುದಕ್ಕೆ ಸಾಬರು ಪೇಟೆಗಿಂತ ಹೆಚ್ಚು ಹಳ್ಳಿ ಸುತ್ತುವುದು ಅದಕ್ಕೇ.

ದೇಹವಿಲ್ಲದ ಮುಖ ಯುದ್ಧಕಾಲದ ಶೆವ್ರೊಲೆ. 1945ರ ನಂತರ ಸೈನ್ಯ ಡಿಸ್ಪೋಸಲ್‌ನಲ್ಲಿ ಬಿಟ್ಟ ಗಾಡಿಗಳು ದೇಶದ ತುಂಬ ಬಸ್ಸು, ಲಾರಿಗಳಾದವು. ಅವುಗಳಲ್ಲಿ ಒಂದರ ಉಳಿಕೆ. ಅದರ ಬಗ್ಗೆ ಯಜಮಾನರಿಗೂ ಹೆಚ್ಚು ಆಸೆಯಿಲ್ಲ. ಜೀವವೆಲ್ಲ ಇರುವುದು ಇಂಜಿನ್ ಇಲ್ಲದ ಫಾರ್ಗೋ ಮೇಲೆ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ತಯಾರಿಸಿದ್ದು. ಈ ಕಾರ್ಖಾನೆಯ ಬೇರು ನಮ್ಮ ಕಡೆಗೂ ಚಾಚಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ವಾಲ್‌ಚಂದರು ಜೊತೆಗೂಡಿದರು, ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಕಟ್ಟುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ವಾಲ್‌ಚಂದರು ಬೆಂಗಳೂರಿಗೆ ತಂದದ್ದು ವಿಮಾನ ಕಾರ್ಖಾನೆ. ಮೋಟಾರು ಬೊಂಬಾಯಿಯ ಪಾಲಾಯಿತು. ಇಲ್ಲದಿದ್ದರೆ ಫಾರ್ಗೋದ ಬಿಡಿಭಾಗಕ್ಕೆ ನಾನು ತುಮಕೂರಿನಾಚೆ ಹೋಗಬೇಕಿರಲಿಲ್ಲ ಎಂದು ಯಜಮಾನರು ಈಗಲೂ ಗೊಣಗುತ್ತಾರೆ.

ಫಾರ್ಗೋಗೆ ಬೇಕಾದದ್ದು ಪರ್ಕಿನ್ಸ್ ಪಿ-6 ಡೀಸೆಲ್ ಇಂಜಿನ್. ಮದ್ರಾಸಿನ ಸಿಂಪ್ಸನ್ ಕಂಪನಿ ಇಲ್ಲೇ ತಯಾರಿಸುತ್ತಿದ್ದುದರಿಂದ ಎಲ್ಲೋ ಒಂದು ಉಳಿದೇ ಇರುತ್ತದೆ ಎಂಬ ನಂಬಿಕೆ ಅವರದು. ಯಜಮಾನರ ಮನೆಯಮ್ಮ ಕಾಫಿ ಇಟ್ಟು, "ಮಳೆ ಇಲ್ಲದ ಎರಡು ವರ್ಷದ ಕೊಬ್ಬರಿ ಈ ಶೆಡ್ಡೇ ನುಂಗಿದೆ, ಕೇಳ್ಕೊಂಡು ಹೋಗಿ" ಎಂದು ನನಗೇ ದೂರು ಕೊಟ್ಟರು. ಅವರು ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು ಯಜಮಾನರು ಕುರ್ಚಿ ಹತ್ತಿರ ಎಳೆದರು.

"ಬರೀತೀರಲ್ಲ ಸ್ವಾಮಿ, ಇದನ್ನೂ ಒಂದು ಸಾಲು ಸೇರ್ಸಿ. ಯಾರ ಹಳೇ ಅಕ್ಕಿ ಗಿರಣಿಲಾದ್ರೂ ಪಿ-6 ಬಿದ್ದಿದ್ರೆ, ಬ್ಲಾಕು ಒಡೆದಿರಬಾರ್ದು, ಮಿಕ್ಕಿದ್ದು ಏನಾಗಿದ್ರೂ ನಮ್ಮ ಸಾಬ್ರು ನೋಡ್ಕೋತಾರೆ. ತಿಪಟೂರು ಬಸ್‌ಸ್ಟ್ಯಾಂಡಲ್ಲಿ ಲಾರಿ ತೋಟ ಎಲ್ಲಿ ಅಂತ ಕೇಳಿದ್ರೆ ಸಾಕು."