ಕಥೆಯ ನೆನಪು ಎಲ್ಲಿರಬೇಕು?

ಪುಸ್ತಕದ ನಡುವೆ ಇಟ್ಟ ಗುರುತುಪಟ್ಟಿಗೆ ಪುಟವೊಂದು ಗೊತ್ತಿದ್ದರೆ ಸಾಕು, ಏಕೆಂದರೆ ಆ ಪುಟಕ್ಕೆ ಬಂದವರೆಲ್ಲರೂ ಅದೇ ಕಥೆಯನ್ನು ಓದಿ ಬಂದಿರುತ್ತಾರೆ. ಓದುಗರ ಆಯ್ಕೆಗೆ ತಕ್ಕಂತೆ ತಿರುವು ಪಡೆಯುವ ಸಂವಾದಾತ್ಮಕ ಕಥನದಲ್ಲಿ ಒಂದೇ ಬಾಗಿಲ ಮುಂದೆ ನಿಂತ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ದೀಪವಿರಬಹುದು, ಇನ್ನೊಬ್ಬರು ಅದನ್ನು ನೆಲಮಾಳಿಗೆಯಲ್ಲೇ ಬಿಟ್ಟು ಬಂದಿರಬಹುದು, ಮತ್ತು ಮುಂದಿನ ಕಥೆಯೆಲ್ಲ ಆ ವ್ಯತ್ಯಾಸವನ್ನೇ ಹಿಡಿದು ಬೆಳೆಯಬಹುದು. ಕಥೆಯೊಳಗೆ ಆ ಕ್ಷಣದವರೆಗೆ ಬದಲಾದದ್ದೆಲ್ಲದರ ದಾಖಲೆಯನ್ನು ‘ಸ್ಥಿತಿ’ ಎನ್ನುತ್ತಾರೆ. ಒಂದು ಸಾಧನದಲ್ಲಿ ನಿಲ್ಲಿಸಿದ ಕಥೆಯನ್ನು ಇನ್ನೊಂದರಲ್ಲಿ ಮುಂದುವರಿಸಬೇಕಾದರೆ ಈ ಸ್ಥಿತಿಯನ್ನು ಯಂತ್ರದಿಂದ ಬಿಡಿಸಿ ತೆಗೆಯಬೇಕು. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟಿಸಬೇಕಾದರೆ ಕಥೆಯ ಪಠ್ಯದಿಂದಲೂ ಬಿಡಿಸಬೇಕಾಗುತ್ತದೆ.

ಯಂತ್ರದಿಂದ ಬಿಡಿಸುವ ಕೆಲಸವನ್ನು ತೀರ ಮುಂಚೆಯೇ ಅಚ್ಚುಕಟ್ಟಾಗಿ ಮಾಡಿದ ಕೀರ್ತಿ ಅಮೆರಿಕದ ಇನ್ಫೋಕಾಮ್ ಸಂಸ್ಥೆಗೆ ಸಲ್ಲಬೇಕು. ಎಂಐಟಿಯ ದೊಡ್ಡ ಕಂಪ್ಯೂಟರಿನಲ್ಲಿ 1977ರಿಂದ ರೂಪುಗೊಂಡ ‘ಝೋರ್ಕ್’ ಎಂಬ ಪಠ್ಯಕಥನವನ್ನು ಮನೆಬಳಕೆಯ ಚಿಕ್ಕ ಕಂಪ್ಯೂಟರುಗಳಿಗೆ ತರಬೇಕಾದಾಗ, ಅವುಗಳ ಸ್ಮೃತಿ ತೀರ ಕಡಿಮೆಯಿತ್ತು, ಸಾಲದ್ದಕ್ಕೆ ಒಂದೊಂದು ಕಂಪನಿಯ ಯಂತ್ರವೂ ಒಂದೊಂದು ಬಗೆಯದಾಗಿತ್ತು. ಆಗ, 1979ರಲ್ಲಿ, ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಎಲ್ಲಿಯೂ ತಯಾರಾಗದ, ಬರಿಯ ನಿಯಮಗಳಲ್ಲಿ ಮಾತ್ರ ಇರುವ ಕಂಪ್ಯೂಟರೊಂದನ್ನು ಕಲ್ಪಿಸಿ ಅದಕ್ಕೆ ಝಡ್-ಮಷಿನ್ ಎಂದು ಹೆಸರಿಟ್ಟರು. ಕಥೆಗಳನ್ನೆಲ್ಲ ಈ ಕಾಲ್ಪನಿಕ ಯಂತ್ರಕ್ಕಾಗಿ ಬರೆದರೆ, ಪ್ರತಿಯೊಂದು ನಿಜವಾದ ಯಂತ್ರಕ್ಕೂ ಅದರಂತೆ ವರ್ತಿಸುವ ಚಿಕ್ಕ ಪ್ರೋಗ್ರಾಮ್, ಅಂದರೆ ಇಂಟರ್‌ಪ್ರಿಟರ್, ಒಂದಿದ್ದರೆ ಸಾಕಾಗುತ್ತಿತ್ತು.

ಇನ್ಫೋಕಾಮ್ 1989ರಲ್ಲಿ ಮುಚ್ಚಿತು, ಆದರೆ ಅದರ ಯಂತ್ರ ಉಳಿಯಿತು. ಆಸಕ್ತರು ಕಥಾಫೈಲುಗಳನ್ನು ಬಿಡಿಸಿ ನೋಡಿ ನಿಯಮಗಳನ್ನು ಕಂಡುಕೊಂಡರು. ಗ್ರಹಾಂ ನೆಲ್ಸನ್ 1993ರಲ್ಲಿ ‘ಇನ್‌ಫಾರ್ಮ್’ ಎಂಬ ರಚನಾಭಾಷೆಯನ್ನು ಹೊರತಂದ ಮೇಲೆ ಅದೇ ಯಂತ್ರಕ್ಕೆ ಹೊಸ ಕಥೆಗಳೂ ಹುಟ್ಟತೊಡಗಿದವು. ಕಥೆ ಎಲ್ಲೆಡೆ ನಡೆಯುತ್ತಿದ್ದರೂ ಒಂದು ಇಂಟರ್‌ಪ್ರಿಟರ್ ಉಳಿಸಿದ ಸ್ಥಿತಿಯನ್ನು ಇನ್ನೊಂದು ಓದಲಾರದಿದ್ದ ಕೊರತೆಯನ್ನು ನೀಗಿಸಲು ಮಾರ್ಟಿನ್ ಫ್ರಾಸ್ಟ್ 1997ರಲ್ಲಿ ‘ಕ್ವೆಟ್ಸಾಲ್’ ಎಂಬ ಸಾಮಾನ್ಯ ಸೇವ್ ಫೈಲ್ ಮಾದರಿಯನ್ನು ಗೊತ್ತುಪಡಿಸಿದರು.

ಈ ಮಾದರಿಯ ಜಾಣ್ಮೆಯನ್ನು ಹತ್ತಿರದಿಂದ ನೋಡಬೇಕು. ಝಡ್-ಮಷಿನ್ನಿನಲ್ಲಿ ಕಥೆ ಸಾಗಿದಂತೆ ಬದಲಾಗಬಲ್ಲ ಭಾಗವೂ ಎಂದೂ ಬದಲಾಗದ ಪಠ್ಯದಂಥ ಭಾಗವೂ ಮೊದಲೇ ಬೇರೆಬೇರೆಯಾಗಿರುವುದರಿಂದ ಕ್ವೆಟ್ಸಾಲ್ ಮೊದಲನೆಯದನ್ನಷ್ಟೇ ಗಮನಿಸಿ, ಅದನ್ನು ಕಥೆಯ ಆರಂಭದ ರೂಪದೊಡನೆ ಬೈಟ್‌ಬೈಟಿಗೂ ಹೋಲಿಸುತ್ತದೆ. ಬದಲಾಗದ ಕಡೆಯಲ್ಲೆಲ್ಲ ಸೊನ್ನೆ ಬರುತ್ತದೆ, ಸೊನ್ನೆಗಳ ಸಾಲನ್ನು ಒಂದು ಎಣಿಕೆಯಾಗಿ ಕುಗ್ಗಿಸಲಾಗುತ್ತದೆ, ಹೀಗೆ ಓದುಗರು ಕಥೆಯಲ್ಲಿ ಉಂಟುಮಾಡಿದ ವ್ಯತ್ಯಾಸವಷ್ಟೇ ಫೈಲಿನಲ್ಲಿ ಉಳಿಯುತ್ತದೆ. ಅದರ ಜೊತೆಗೆ ಆವೃತ್ತಿಯ ಸಂಖ್ಯೆ, ಕ್ರಮಾಂಕ ಮತ್ತು ತಾಳೆಮೊತ್ತಗಳೂ ಸೇರಿರುತ್ತವೆ, ಏಕೆಂದರೆ ಈ ವ್ಯತ್ಯಾಸ ಅದೇ ಕಥೆಯ ಅದೇ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ. ಕ್ವೆಟ್ಸಾಲಿನ ಮಿತಿಯೂ ಇದರಲ್ಲೇ ಇದೆ: ಕಥೆಯನ್ನು ತಿದ್ದಿದರೆ ಅಥವಾ ಕನ್ನಡಕ್ಕೆ ಅನುವಾದಿಸಿದರೆ ಬೈಟುಗಳು ಸ್ಥಾನ ಬದಲಿಸಿ ಹಳೆಯ ಸೇವ್ ಫೈಲು ಕೆಲಸಕ್ಕೆ ಬಾರದಾಗುತ್ತದೆ.

ಜಪಾನಿನಲ್ಲಿ 1986ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟ ಫೈಲಿನ ಹಂಗೂ ಇಲ್ಲದೆ ಸ್ಥಿತಿಯನ್ನು ಕಾಗದದ ಮೇಲೆಯೇ ಸಾಗಿಸಿತು. ಆಟದ ಕಾರ್ಟ್ರಿಜ್ ಏನನ್ನೂ ಉಳಿಸಿಕೊಳ್ಳಲಾರದ್ದರಿಂದ ನಾಯಕನ ಅಂದಿನ ಸ್ಥಿತಿಯನ್ನು 20 ಹಿರಗಾನ ಅಕ್ಷರಗಳ ಸಂಕೇತವಾಗಿ ಪರದೆಯ ಮೇಲೆ ತೋರಿಸಲಾಗುತ್ತಿತ್ತು; ಬರೆದುಕೊಂಡವರು ಅದನ್ನು ಗೆಳೆಯರ ಮನೆಯ ಯಂತ್ರದಲ್ಲಿಯೂ ನಮೂದಿಸಿ ಆಟ ಮುಂದುವರಿಸಬಹುದಿತ್ತು. ಎರಡನೆಯ ಭಾಗದಲ್ಲಿ ಈ ಸಂಕೇತ 52 ಅಕ್ಷರಗಳವರೆಗೂ ಬೆಳೆಯಿತು.

ಮಾಧ್ಯಮವನ್ನೇ ದಾಟಿಸಬೇಕಾದಾಗ ಬೈಟುಗಳನ್ನು ಬಿಟ್ಟು ಘಟನೆಗಳ ಅರ್ಥವನ್ನೇ ಬರೆದಿಡಬೇಕಾಗುತ್ತದೆ. ‘ಮಾಸ್ ಎಫೆಕ್ಟ್’ ಸರಣಿಯ 2007ರ ಮೊದಲ ಆಟದಲ್ಲಿ ಯಾರು ಬದುಕಿದರು, ಯಾರು ಸತ್ತರು ಎಂಬುದು ಸೇವ್ ಫೈಲಿನ ಮೂಲಕ 2010ರ ಎರಡನೆಯ ಆಟಕ್ಕೆ ಸಾಗಿಬರುತ್ತಿತ್ತು. ಎರಡನೆಯದು 2011ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದಾಗ ಆ ಯಂತ್ರದಲ್ಲಿ ಮೊದಲ ಆಟವೇ ಇರಲಿಲ್ಲ. ಅದಕ್ಕಾಗಿ ಮೊದಲ ಕಥೆಯನ್ನು ಆಯ್ಕೆಗಳುಳ್ಳ ಚಿತ್ರಕಥೆಯಾಗಿ ಮಾಡಿ ಆರಂಭದಲ್ಲಿ ಸೇರಿಸಲಾಯಿತು. ಚಿತ್ರಕಥೆಯ ಓದಿನಲ್ಲಿ ಕೈಗೊಂಡ ನಿರ್ಧಾರಗಳು ಆಟದಲ್ಲಿ ಫಲ ಕೊಟ್ಟವು. ‘ಮಾಸ್ ಎಫೆಕ್ಟ್’ ತಯಾರಿಸಿದ ಸಂಸ್ಥೆಯೇ 2014ರಲ್ಲಿ ರೂಪಿಸಿದ ‘ಡ್ರ್ಯಾಗನ್ ಏಜ್ ಕೀಪ್’ ಎಂಬ ಜಾಲತಾಣದಲ್ಲಿ ‘ಡ್ರ್ಯಾಗನ್ ಏಜ್’ ಸರಣಿಯ ಹಿಂದಿನ ಆಟಗಳ ನಿರ್ಧಾರಗಳನ್ನು ಓದುಗರೇ ಗುರುತಿಸಿ, ಆ ಜಗತ್ತಿನ ಚರಿತ್ರೆಯನ್ನು ಹೊಸ ಪೀಳಿಗೆಯ ಯಂತ್ರಕ್ಕೆ ಕಳಿಸಬಹುದಾಗಿತ್ತು. ಅಷ್ಟು ಶ್ರದ್ಧೆಯಿಂದ ಕಟ್ಟಿದ ಆ ದಾಖಲೆಯನ್ನು ಅದೇ ಸರಣಿಯ 2024ರ ಆಟ ‘ದ ವೇಲ್‌ಗಾರ್ಡ್’ ಬಳಸಿಕೊಳ್ಳಲಿಲ್ಲ. ಹಿಂದಿನ ಆಟದ ಮೂರೇ ಆಯ್ಕೆಗಳನ್ನು ಅದು ಆರಂಭದಲ್ಲಿ ಕೇಳಿತು. ಓದುಗರ ವರ್ಷಗಳ ಒಡನಾಟದ ಬಹುಭಾಗ ಹೀಗೆ ಕೈಬಿಟ್ಟುಹೋದದ್ದು ನಿಜವಾದ ನಷ್ಟ.

ದಾಖಲೆ ಸಂಸ್ಥೆಯ ಬಳಿಯಷ್ಟೇ ಉಳಿದರೆ ನಷ್ಟ ಇನ್ನೂ ದೊಡ್ಡದು. ನೆಟ್‌ಫ್ಲಿಕ್ಸ್ 2018ರ ಡಿಸೆಂಬರ್ 28ರಂದು ಬಿಡುಗಡೆ ಮಾಡಿದ ‘ಬ್ಯಾಂಡರ್‌ಸ್ನ್ಯಾಚ್’ ಚಲನಚಿತ್ರ ಟಿವಿಯಲ್ಲೂ ಫೋನಿನಲ್ಲೂ ನೋಡುಗರ ಆಯ್ಕೆಗೆ ತಕ್ಕಂತೆ ಕವಲೊಡೆಯುತ್ತಿತ್ತು. ಯುರೋಪಿನ ದತ್ತಾಂಶ ಕಾನೂನಿನಡಿ ಸಂಶೋಧಕರೊಬ್ಬರು ಕೇಳಿದಾಗ, ಅವರ ಆಯ್ಕೆಗಳ ದಾಖಲೆ ಸಂಸ್ಥೆಯ ಬಳಿ ಇರುವುದು 2019ರಲ್ಲಿ ಬಹಿರಂಗವಾಯಿತು. ಚಿತ್ರವನ್ನು 2025ರ ಮೇ ತಿಂಗಳಲ್ಲಿ ತೆಗೆದುಹಾಕಲಾಯಿತು. ನೋಡುಗರ ಕೈಯಲ್ಲಿ ಕಥೆಯೂ ಇಲ್ಲ, ಅದರಲ್ಲಿ ತಾವು ನಡೆದ ದಾರಿಯೂ ಇಲ್ಲ. ಇನ್ಫೋಕಾಮಿನ ಓದುಗರಿಗಾದರೋ ಸಂಸ್ಥೆ ಅಳಿದರೂ ಎರಡೂ ಉಳಿದಿವೆ.

ಆದ್ದರಿಂದ ಅರ್ಥವನ್ನು ಬರೆದಿಡುವ ಕ್ರಮಕ್ಕೆ ಕ್ವೆಟ್ಸಾಲಿನ ಮುಕ್ತತೆ ಸೇರಬೇಕಾಗಿದೆ. ಇಂಗ್ಲೆಂಡಿನ ಇಂಕಲ್ ಸಂಸ್ಥೆ 2016ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟ ‘ಇಂಕ್’ ಎಂಬ ಕಥನಭಾಷೆ ಈ ದಿಕ್ಕಿನಲ್ಲಿದೆ: ಅದರಲ್ಲಿ ಸ್ಥಿತಿಯನ್ನು ಜೇಸನ್ ಎಂಬ ಸಾದಾ ಪಠ್ಯರೂಪದಲ್ಲಿ ಉಳಿಸಬಹುದು, ಕಥೆಗಾರರು ಇಟ್ಟ ಹೆಸರುಗಳೂ ಅವುಗಳ ಮೌಲ್ಯಗಳೂ ಅಲ್ಲಿ ಕಣ್ಣಿಗೆ ಕಾಣುತ್ತವೆ. ಆದರೂ ಕಥೆ ಎಲ್ಲಿಗೆ ಬಂದು ನಿಂತಿದೆ ಎಂಬ ಗುರುತು ಆ ಕೃತಿಯ ರಚನೆಗೇ ಅಂಟಿಕೊಂಡಿರುವುದರಿಂದ, ಉತ್ತರಕಥೆಗೋ ಚಲನಚಿತ್ರಕ್ಕೋ ಅದು ಹಾಗೆಯೇ ಒದಗುವುದಿಲ್ಲ. ನಡೆದ ಘಟನೆಗಳಲ್ಲಿ ಯಾವುದು ಮುಂದಿನ ಕೃತಿಗೆ ದಾಟಬೇಕು ಎಂಬ ಪಟ್ಟಿಯನ್ನು ಕಥೆಗಾರರೇ ಮೊದಲ ಕರಡಿನೊಂದಿಗೆ ಸಿದ್ಧಪಡಿಸಬೇಕು, ಅದರ ಪ್ರತಿ ಓದುಗರ ಕೈಗೂ ಸೇರಬೇಕು.